ಹಾಡಿನ ಮೇಲೊಂದು ಸಾಲು ಬರೆಯಿರಿ: ಚಾಲ್ ಯಾವುದು, ಹಲಗಿ ಯಾರದು

ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳ ಆಡಿಯೋ ಕಂಪನಿ ಮಾಲಕರಿಗೆ, ಜಾನಪದ ಡಿಜೆ ಹಾಡಿನ ಯೂಟ್ಯೂಬ್ ಚಾನೆಲ್ ನಡೆಸುವವರಿಗೆ, ಹಾಡುವ ತಮ್ಮ ತಂಗಿಯರಿಗೆ, ಮತ್ತೆ ನನ್ನ ಹಾಗೆ ರಾತ್ರಿ ಎರಡರ ತನಕ ಹೆಡ್‌ಫೋನ್ ಏರಿಸಿಕೊಂಡು ಕೂತು ಹಾಡಿನ ಹಿಂದಿನ ಸಂಗೀತ ಕಟ್ಟುವ ಟ್ರ್ಯಾಕ್ ಹುಡುಗರಿಗೆ

ಶರಣು.

ಹೋದ ತಿಂಗಳು ಒಂದು ರಾತ್ರಿ ರೊಟ್ಟಿ ಮುರಿಯುತ್ತ ಕೂತಿದ್ದೆ, ಜೇವರ್ಗಿ ಕಡೆಯ ಹಾಡುಗಾರ ಹುಡುಗನ ಫೋನ್ ಬಂತು. ‘ಅಣ್ಣಾ, ಕ್ಲೇಮ್ ಬಂದದ. ಹಾಡು ಬಿಟ್ಟು ಇನ್ನಾ ಎಂಟ್ ತಾಸ ಆಗಿಲ್ಲ. ಟ್ರ್ಯಾಕ್ ಎಲ್ಲಿಂದರ ಎತ್ತೀ ಏನು?’ ಅಂದ. ಎತ್ತಿಲ್ಲೋ ಅಂದೆ. ‘ಮತ್ತ ಹ್ಯಾಂಗ ಬಂತು?’ ಅಂದ. ಅದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಹತ್ತಿ ಬಿಡಿಸಿದ ಕೂಲಿ ಕೂಡಿಸಿ ಹಾಡು ಮಾಡಿಸಿದ ಹುಡುಗ ಅವನು. ಟ್ರ್ಯಾಕಿಗೆ ಬೇರೆ, ಡಬ್ಬಿಂಗಿಗೆ ಬೇರೆ, ವಿಡಿಯೋದವನಿಗೆ ಬೇರೆ ಕೊಟ್ಟಿದ್ದ. ಆ ಹಾಡಿನ ಜಾಹೀರಾತಿನ ದುಡ್ಡು ಇನ್ನು ಮೇಲೆ ಬೇರೆಯವರ ಖಾತೆಗೆ ಹೋಗುತ್ತದೆ ಅಂತ ಯೂಟ್ಯೂಬ್ ಅವನಿಗೆ ಇಂಗ್ಲಿಷಿನಲ್ಲಿ ತಿಳಿಸಿತ್ತು.

ಕೈ ತೊಳೆದು ಮಾಳಿಗೆಯ ಖೋಲಿಗೆ ಹೋದೆ. ಸ್ಟುಡಿಯೋ ಅಂತ ಹೊರಗೆ ಬೋರ್ಡ್ ಇದೆ, ಒಳಗೆ ನೋಡಿದರೆ ಗೋಡೆಗೆ ಅವ್ವನ ಹಳೆಯ ಕೌದಿಗಳು, ಒಂದು ಕಂಪ್ಯೂಟರು, ಒಂದು ಕೀಬೋರ್ಡು, ಒಂದು ಪ್ಯಾಡು. ಮುದ್ರಣದ ಹೊತ್ತಿಗೆ ಫ್ಯಾನ್ ಬಂದ್ ಮಾಡಬೇಕು. ಮೇ ತಿಂಗಳ ಕಲಬುರಗಿಯಲ್ಲಿ ಅದು ಏನು ಅಂತ ಗೊತ್ತಿದ್ದವರಿಗೆ ಗೊತ್ತು. ಕ್ಲೇಮ್ ಬಂದ ಜಾಗ ನೋಡಿದೆ. ಪೂರ್ತಿ ಹಾಡಿನ ಮೇಲಲ್ಲ, ಮೊದಲ ಚರಣ ಮುಗಿದ ಮೇಲಿನ ಬಿಟ್ ಮೇಲೆ, ಅಂದರೆ ಹಾಡುವ ದನಿ ನಿಂತು ಬರೀ ವಾದ್ಯ ಬರುವ ತುಣುಕಿನ ಮೇಲೆ. ಇಪ್ಪತ್ತಾರು ಸೆಕೆಂಡು, ಬರೀ ಹಲಗಿ. ಹೆಡ್‌ಫೋನ್ ಹಾಕಿ ಕೇಳಿದೆ. ನಾಲ್ಕನೇ ಸುತ್ತಿನಲ್ಲಿ, ಹೊಡೆತ ಹೊಡೆತದ ಸಂದಿಯಲ್ಲಿ, ಸಣ್ಣದೊಂದು ಕೆಮ್ಮು.

ಆ ಕೆಮ್ಮು ನನಗೆ ಗೊತ್ತು. ಅದನ್ನು ಹಿಡಿದವನೇ ನಾನು.

ಮೂರು ವರ್ಷದ ಹಿಂದೆ ಮೊಹರಂ ಮುಂದೆ ಇರುವಾಗ ಶಹಾಪುರ ತಾಲೂಕಿನ ಒಂದು ಹಳ್ಳಿಗೆ ಹೋಗಿದ್ದೆ. ಅಲಾಯಿ ಕುಣಿಯ ಹತ್ತಿರ ಹಲಗಿ ಬಾರಿಸುವ ಕಾಕಾ ಒಬ್ಬರ ಕೈ ಭಾಳ ಜೋರು ಅಂತ ಗೆಳೆಯ ಹೇಳಿದ್ದ. ಕೈಯಲ್ಲಿ ಹಿಡಿಯುವ ರೆಕಾರ್ಡರ್ ಒಂದು, ಅದರ ಜೊತೆಗೆ ಇರಲಿ ಅಂತ ಫೋನು. ಹೊತ್ತು ಮುಳುಗುತ್ತಿತ್ತು. ತೊಗರಿ ಕಟ್ಟಿಗೆಯ ಉರಿ ಮಾಡಿ ಹಲಗಿ ಕಾಸುತ್ತಿದ್ದರು. ಚರ್ಮ ತಣ್ಣಗಿದ್ದರೆ ದನಿ ‘ದಬ್’ ಅಂತ ಬೀಳುತ್ತದೆ. ಕಾದರೆ ‘ಟಣ್’ ಅಂತ ಏಳುತ್ತದೆ. ಬೆರಳ ತುದಿಯಿಂದ ತಟ್ಟಿ, ಕಿವಿಗೆ ಹಿಡಿದು, ಮತ್ತೆ ಉರಿಗೆ ಹಿಡಿದು, ಮತ್ತೆ ತಟ್ಟಿ. ನಮ್ಮ ಸಾಫ್ಟ್‌ವೇರ್‌ನಲ್ಲಿ ಒಂದು ಗುಂಡಿ ತಿರುವಿದರೆ ಆಗುವ ಕೆಲಸಕ್ಕೆ ಆ ಕಾಕಾ ಅರ್ಧ ತಾಸು ತಗೊಂಡರು. ಎಡಗೈಯಲ್ಲಿ ಸಣ್ಣ ಕಡ್ಡಿ, ಬಲಗೈಯಲ್ಲಿ ದಪ್ಪ ಕೋಲು. ಬಾರಿಸಲು ಶುರು ಮಾಡಿದ ಮೇಲೆ ನಾನು ತಲೆ ಬಗ್ಗಿಸಿ ರೆಕಾರ್ಡರಿನ ಕೆಂಪು ದೀಪ ನೋಡುತ್ತ ಕೂತೆ, ದನಿ ಒಡೆಯಬಾರದಲ್ಲ. ನಲವತ್ತು ನಿಮಿಷ ಹಿಡಿದೆ. ಏಳುವಾಗ 500 ರೂಪಾಯಿಯ ಒಂದು ನೋಟು ಕೊಟ್ಟೆ, ಎಲ್ಲರಿಗೂ ಚಹಾ ಹೇಳಿದೆ. ಕಾಕಾ ಖುಷಿಯಾದರು. ನನಗೂ ಸಸ್ತಾ ಬಿತ್ತು ಅನ್ನಿಸಿತ್ತು, ಖರೇ ಹೇಳುತ್ತೇನೆ.

ಆ ನಲವತ್ತು ನಿಮಿಷವನ್ನು ಕತ್ತರಿಸಿ ಲೂಪ್, ಅಂದರೆ ತಿರುಗಿ ತಿರುಗಿ ಬರುವ ತುಣುಕು, ಮಾಡಿಕೊಂಡು ಹತ್ತಾರು ಟ್ರ್ಯಾಕಿಗೆ ಹಾಕಿದ್ದೇನೆ. ಅದರಲ್ಲಿ ಒಂದನ್ನು ಒಂದು ಚಾನೆಲ್‌ನವರಿಗೆ 4,000 ರೂಪಾಯಿಗೆ ಕೊಟ್ಟಿದ್ದೆ. ಕಾಗದ ಇಲ್ಲ, ಪತ್ರ ಇಲ್ಲ, ಫೋನ್‌ಪೇ ಮಾಡಿದರು, ವೇವ್ ಫೈಲ್ ಕಳಿಸಿದೆ, ಮುಗಿಯಿತು. ಅವರು ಅದನ್ನು ಕಂಟೆಂಟ್ ಐಡಿಗೆ, ಅಂದರೆ ಒಂದೇ ದನಿ ಇನ್ನೆಲ್ಲಿ ಬಂದಿದೆ ಅಂತ ಹುಡುಕುವ ಯೂಟ್ಯೂಬಿನ ಯಂತ್ರಕ್ಕೆ, ಏರಿಸಿದ್ದಾರೆ. ಈಗ ಯೂಟ್ಯೂಬ್ ಲೆಕ್ಕದಲ್ಲಿ ಆ ಹಲಗಿ ಅವರದು. ಅದೇ ಹಲಗಿಯನ್ನು ನಾನು ಇನ್ನೊಂದು ಹಾಡಿಗೆ, ಬೇರೆ ಮಟ್ಟಿಗೆ, ಬೇರೆ ಸಾಹಿತ್ಯಕ್ಕೆ ಹಾಕಿದರೆ ನಾನೇ ಕಳ್ಳ. ಚಾನೆಲ್ಲಿನ ಹೆಸರು ಬರೆಯುವುದಿಲ್ಲ. ಬರೆದರೆ ಇದು ಅವರೊಬ್ಬರ ಮೇಲಿನ ದೂರಾಗುತ್ತದೆ. ಫೋನ್ ಮಾಡಿ ಕೇಳಿದೆ, ‘ರೊಕ್ಕ ಕೊಟ್ಟೀವಲ್ರಿ, ಮತ್ತೇನ್ರಿ?’ ಅಂದರು. ಅವರ ಮಾತಿನಲ್ಲಿ ಮೋಸ ಇರಲಿಲ್ಲ. ನಮ್ಮ ಭಾಗದಲ್ಲಿ ಈ ದಂಧೆ ನಡೆಯುವುದೇ ಹಾಗೆ ಅಂತ ಅವರು ನಂಬಿದ್ದಾರೆ. ಆ ನಂಬಿಕೆಯ ಮೇಲೆಯೇ ಈ ಪತ್ರ.

ಮೊದಲು ಒಂದು ಮಾತು ಬಗೆಹರಿಸಿಕೊಳ್ಳೋಣ, ಯಾಕೆಂದರೆ ಇದರಲ್ಲೇ ಎಲ್ಲರೂ ಎಡವುತ್ತಾರೆ. ಒಂದು ಹಾಡಿನ ಬೀಟ್ ಇನ್ನೊಂದರ ಹಾಗೆ ಕೇಳಿಸಿತು ಅಂದ ತಕ್ಷಣ ಅದು ಕಳವಲ್ಲ. ‘ಈಗಿನ ಡಿಜೆ ಹಾಡೆಲ್ಲಾ ಒಂದೇ ನಮೂನಿ’ ಅಂತ ನಮ್ಮ ಹಿರಿಯರು ಬೈಯುತ್ತಾರೆ. ಒಂದೇ ನಮೂನೆ ಆಗದೆ ಇನ್ನೇನಾಗಬೇಕು? ನಮ್ಮ ಹಾಡುಗಳಲ್ಲಿ ಮುಕ್ಕಾಲು ಪಾಲು ಎಂಟು ಮಾತ್ರೆಯ ಕೆಹರ್ವಾ, ಉಳಿದದ್ದು ಆರು ಮಾತ್ರೆಯ ದಾದ್ರಾ. ಮೆರವಣಿಗೆಯಲ್ಲಿ ಹೆಜ್ಜೆ ಹಾಕುವ ಕಾಲುಗಳು ಎರಡೇ. ಆ ಕಾಲಿಗೆ ಒಗ್ಗುವ ನಡೆಯೂ ಹತ್ತಾರು ಇರುವುದಿಲ್ಲ. ಮದುವೆಯಲ್ಲಿ ಬಾರಿಸುವ ತೀನ್‌ಮಾರ್ ನಮ್ಮದು ಅಂತ ಕಲಬುರಗಿಯವ ಹೇಳುತ್ತಾನೆ, ನಮ್ಮದು ಅಂತ ಬೀದರಿನವ ಹೇಳುತ್ತಾನೆ. ಅದು ಹೈದರಾಬಾದಿನ ಮರ್ಫಾ ಅನ್ನುವ ವಾದ್ಯಮೇಳದವರ ನಡೆ. ಮರ್ಫಾ ಅಲ್ಲಿಗೆ ಬಂದದ್ದು ನಿಜಾಮರ ಕಾಲದಲ್ಲಿ ಯೆಮನ್‌ನಿಂದ, ಆಫ್ರಿಕಾದಿಂದ ಬಂದು ನೆಲೆಸಿದ ಜನರ ಜೊತೆ. ಸೊಲ್ಲಾಪುರದ ಕಡೆಯಿಂದ ಬ್ಯಾಂಜೋ ಪಾರ್ಟಿಯ ವರಸೆ ಆಳಂದ ದಾಟಿ ನಮ್ಮೊಳಗೆ ಬಂದಿದೆ. ಗಡಿ ಚೆಕ್‌ಪೋಸ್ಟಿನಲ್ಲಿ ತೊಗರಿ ಲಾರಿ ನಿಲ್ಲಿಸುತ್ತಾರೆ, ತಾಳವನ್ನು ಯಾರೂ ನಿಲ್ಲಿಸಿಲ್ಲ.

ಯಂತ್ರದ ಮಾತು ತಗೊಂಡರೂ ಅಷ್ಟೇ. ಎದೆಗೆ ಗುದ್ದುವ ಆ ‘ಧುಂ’ ಇದೆಯಲ್ಲ, ಅದು ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ತಂದ ಟಿಆರ್-808 ಅನ್ನುವ ಪೆಟ್ಟಿಗೆಯ ದನಿ. ನಲವತ್ತು ವರ್ಷ ದಾಟಿ ಈಗ ನಮ್ಮ ಗಣಪತಿ ಮೆರವಣಿಗೆಯಲ್ಲೂ ಅದೇ. ನಮ್ಮಲ್ಲಿ ಬಹಳ ಮಂದಿ ಕೆಲಸ ಮಾಡುವ ಎಫ್‌ಎಲ್ ಸ್ಟುಡಿಯೋ ಅನ್ನುವ ಸಾಫ್ಟ್‌ವೇರ್ 1997ರಲ್ಲಿ ಬೆಲ್ಜಿಯಮ್ಮಿನಲ್ಲಿ ಫ್ರೂಟಿಲೂಪ್ಸ್ ಅನ್ನುವ ಹೆಸರಲ್ಲಿ ಹುಟ್ಟಿದ್ದು. ಹೆಸರಲ್ಲೇ ಲೂಪ್ ಇದೆ. ಒಂದೇ ಲೂಪ್ ಪ್ಯಾಕ್ ಪೆನ್‌ಡ್ರೈವಿನಲ್ಲಿ ಕಲಬುರಗಿಯಿಂದ ಸುರಪುರಕ್ಕೆ, ಅಲ್ಲಿಂದ ವಿಜಯಪುರಕ್ಕೆ ಓಡಾಡುತ್ತದೆ. ಇಬ್ಬರ ಹಾಡಿನಲ್ಲಿ ಒಂದೇ ಸನಾಯಿ ತುಣುಕು ಕೇಳಿಸಿದರೆ ಇಬ್ಬರೂ ಒಂದೇ ಅಂಗಡಿಯ ಬೆಲ್ಲ ತಂದಿದ್ದಾರೆ ಅಂತ ಅರ್ಥ.

ಇದನ್ನು ನ್ಯಾಯಾಲಯಗಳೂ ಹೇಳಿವೆ. ಅಮೆರಿಕದ ಕೇಟಿ ಪೆರ್ರಿ ಹಾಡಿದ ‘ಡಾರ್ಕ್ ಹಾರ್ಸ್’ ಮೇಲೆ ಒಂದು ದಾವೆ ನಡೆಯಿತು. ತಕರಾರು ಪಲ್ಲವಿಯ ಮೇಲಲ್ಲ, ಬೀಟಿನಲ್ಲಿ ತಿರುಗಿ ತಿರುಗಿ ಬರುವ ಎಂಟು ಸ್ವರದ ಮೇಲೆ. 2019ರಲ್ಲಿ ಜ್ಯೂರಿ 27 ಲಕ್ಷ 80 ಸಾವಿರ ಡಾಲರ್ ಕೊಡಬೇಕು ಅಂದಿತು. 2020ರಲ್ಲಿ ನ್ಯಾಯಾಧೀಶರು ಅದನ್ನು ತಳ್ಳಿಹಾಕಿದರು, 2022ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು: ಅಂಥ ಸಾದಾ ಸ್ವರಗಳ ಜೋಡಣೆ ಸಂಗೀತದ ಇಟ್ಟಿಗೆ, ಇಟ್ಟಿಗೆಗೆ ಮಾಲಕನಿಲ್ಲ. ನಮ್ಮ ‘ಕಾಂತಾರ’ ಬಂದಾಗಿನ ಜಗಳ ನಿಮಗೆ ನೆನಪಿರಬೇಕು. ‘ವರಾಹರೂಪಂ’ ತಮ್ಮ 2017ರ ‘ನವರಸಂ’ ಹಾಗಿದೆ ಅಂತ ಕೇರಳದ ಥೈಕ್ಕುಡಂ ಬ್ರಿಡ್ಜ್ ತಂಡದವರು 2022ರಲ್ಲಿ ಕೋರ್ಟಿಗೆ ಹೋದರು, ಕೆಲಕಾಲ ಹಾಡಿಗೆ ತಡೆ ಬಿತ್ತು, ರಾಗ ಒಂದೇ ಆದದ್ದರಿಂದ ಹಾಗೆ ಕೇಳಿಸುತ್ತದೆ ಅಂತ ಈ ಕಡೆಯವರು ವಾದಿಸಿದರು. ಆ ದಿನಗಳಲ್ಲಿ ಸೂಪರ್ ಮಾರ್ಕೆಟ್ಟಿನ ಚಹಾದಂಗಡಿಯಲ್ಲಿ ಮಿರ್ಚಿ ಭಜಿ ತಿನ್ನುವವರೂ ತೋಡಿ ರಾಗದ ಬಗ್ಗೆ ಮಾತಾಡಿದರು. ನನಗೆ ಅದು ಬಹಳ ಹಿಡಿಸಿತ್ತು. ಹೋಲಿಕೆ ಎಲ್ಲಿಗೆ ನಿಲ್ಲುತ್ತದೆ, ನಕಲು ಎಲ್ಲಿಂದ ಶುರುವಾಗುತ್ತದೆ ಅಂತ ಒಂದು ಊರು ಕೂತು ಮಾತಾಡುವುದು ಸಣ್ಣ ಮಾತಲ್ಲ. ನಮ್ಮ ಸುಪ್ರೀಂ ಕೋರ್ಟ್ 1978ರಲ್ಲಿ ಒಂದು ನಾಟಕ ಮತ್ತು ಸಿನಿಮಾದ ತಕರಾರಿನಲ್ಲಿ ಹೇಳಿದ್ದೂ ಇದನ್ನೇ: ಕಲ್ಪನೆಯ ಮೇಲೆ ಹಕ್ಕಿಲ್ಲ, ಅದನ್ನು ಕಟ್ಟಿದ ರೀತಿಯ ಮೇಲೆ ಹಕ್ಕಿದೆ.

ಅಂದಮೇಲೆ ಕಳವು ಯಾವುದು? ಕೆಹರ್ವಾ ಬಾರಿಸುವುದಲ್ಲ, ಒಬ್ಬನು ಬಾರಿಸಿದ ಕೆಹರ್ವಾದ ಮುದ್ರಣವನ್ನೇ ಎತ್ತಿಕೊಂಡು ಬಂದು ತನ್ನದು ಅನ್ನುವುದು. ಮೊದಲು ಇದು ಕಷ್ಟವಿತ್ತು, ದನಿಯ ಕೆಳಗಿನ ಬೀಟ್ ಬೇರೆ ಮಾಡಲು ಬರುತ್ತಿರಲಿಲ್ಲ. 2019ರಲ್ಲಿ ಫ್ರಾನ್ಸಿನ ಡೀಜರ್ ಕಂಪನಿ ಸ್ಪ್ಲೀಟರ್ ಅನ್ನುವುದನ್ನು ಪುಕ್ಕಟೆ ಬಿಟ್ಟಿತು, ಅದರ ಹಿಂದೆ ಅಂಥವೇ ಹತ್ತಾರು ಆಪ್ ಬಂದವು. ಈಗ ಹಾಡು ಹಾಕಿದರೆ ದನಿ ಒಂದು ಕಡೆ, ಡ್ರಮ್ ಒಂದು ಕಡೆ, ಬೇಸ್ ಒಂದು ಕಡೆ, ಕುರಿ ಕೊಯ್ದು ಪಾಲು ಹಾಕಿದ ಹಾಗೆ. ಆಮೇಲೆ ಶ್ರುತಿ ಅರ್ಧ ಮನೆ ಏರಿಸುವುದು, ವೇಗ ಎರಡು ಬಿಪಿಎಂ, ಅಂದರೆ ನಿಮಿಷಕ್ಕೆ ಎರಡು ಹೊಡೆತ, ಹೆಚ್ಚಿಸುವುದು, ಮೇಲೊಂದು ಸೈರನ್ ಹಾಕುವುದು. ಕದ್ದ ಎಮ್ಮೆಯ ಕೊಂಬಿಗೆ ಬಣ್ಣ ಬಳಿದು ಅದೇ ಊರಿನ ಸಂತೆಗೆ ಹೊಡೆದುಕೊಂಡು ಬಂದ ಹಾಗೆ. ಎಮ್ಮೆ ಕಟ್ಟಿದವನಿಗೆ ಅದರ ಕೂಗು ಗೊತ್ತಾಗುವುದಿಲ್ಲವೇ? ಹೋದ ವರ್ಷ ಜೇವರ್ಗಿ ರೋಡಿನಲ್ಲಿ ಒಂದು ಮದುವೆ ಮೆರವಣಿಗೆಗೆ ಸಿಕ್ಕಿಹಾಕಿಕೊಂಡು ಬೈಕ್ ಮೇಲೆ ನಿಂತಿದ್ದೆ. ಡಿಜೆ ಗಾಡಿಯಿಂದ ನಾನು ಮಾಡದೇ ಇದ್ದ ಹಾಡೊಂದು ಬರುತ್ತಿತ್ತು, ಅದರ ನಡುವೆ ಆ ಕೆಮ್ಮು, ಸ್ವಲ್ಪ ಸಣ್ಣ ದನಿಯಲ್ಲಿ, ಶ್ರುತಿ ಏರಿಸಿದ್ದರಲ್ಲ. ಸಾವಿರ ವ್ಯಾಟಿನ ಸ್ಪೀಕರಿನಲ್ಲಿ ಹಲಗಿ ಕಾಕಾ ಕೆಮ್ಮಿದರು, ಹುಡುಗರು ಕುಣಿಯುತ್ತಿದ್ದರು.

ನಾನು ತೊಳೆದ ಮುತ್ತು ಅಂತ ತಿಳಿಯಬೇಡಿ. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಬಾರಿಸುವ ಕಾಲಕ್ಕೆ ತೆಲುಗು ಹಾಡಿನ ಬಿಟ್ ಎತ್ತಿ ಭಕ್ತಿಗೀತೆಗೆ ಹಾಕಿದ್ದೇನೆ. ಮರಾಠಿ ಹಾಡೊಂದರ ಬ್ಯಾಂಜೋವನ್ನು ಇದ್ದದ್ದು ಇದ್ದ ಹಾಗೆ ಕೀಬೋರ್ಡಿನಲ್ಲಿ ಬಾರಿಸಿ ಯಲ್ಲಮ್ಮನ ಹಾಡು ಮಾಡಿಕೊಟ್ಟಿದ್ದೇನೆ, ಅದಕ್ಕೆ ಒಳ್ಳೇ ಹೆಸರೂ ಬಂತು. ‘ಆ ಹಾಡಿನ ಬೀಟ್ ಇದ್ದಂಗ ಮಾಡಿಕೊಡ್ರಿ’ ಅಂತ ಬರುವ ಗಿರಾಕಿಗೆ ಇಲ್ಲ ಅಂದರೆ ಅವನು ಕೆಳಗಿನ ಓಣಿಯ ಸ್ಟುಡಿಯೋಕ್ಕೆ ಹೋಗುತ್ತಾನೆ. ಮೂರು ದಿನದಲ್ಲಿ ಟ್ರ್ಯಾಕ್ ಕೊಡಬೇಕು, ಜಾತ್ರೆ ಮುಂದೆ ಇದೆ, ಜಾತ್ರೆ ಮುಗಿದ ಮೇಲೆ ಆ ಹಾಡನ್ನು ಯಾರು ಕೇಳುತ್ತಾರೆ? ಈ ಅವಸರವೇ ನಮ್ಮನ್ನು ಅರ್ಧ ಕಳ್ಳರನ್ನಾಗಿ ಮಾಡಿದೆ. ಉಳಿದರ್ಧಕ್ಕೆ ನಾವೇ ಹೊಣೆ.

ಆದರೆ ನಮ್ಮ ಹಿಂದಿನವರು ಇದಕ್ಕೊಂದು ದಾರಿ ಮಾಡಿಟ್ಟಿದ್ದರು ಅನ್ನುವುದು ಈ ಕ್ಲೇಮ್ ಬಂದ ಮೇಲೆ ನೆನಪಾಯಿತು. ಅಪ್ಪನ ಟ್ರಂಕಿನಲ್ಲಿ ಭಜನಾ ಪುಸ್ತಕಗಳಿವೆ. ಗಾಣಗಾಪುರದ ಜಾತ್ರೆಯಲ್ಲಿ, ಶರಣಬಸವೇಶ್ವರರ ಜಾತ್ರೆಯಲ್ಲಿ ಕೊಂಡವು, ಅಂಗೈ ಅಗಲದವು, ಹಾಳೆ ಹಳದಿಯಾಗಿ ಮುಟ್ಟಿದರೆ ಮುರಿಯುತ್ತವೆ. ಪ್ರತಿ ಹಾಡಿನ ಮೇಲೆ ಸಣ್ಣಕ್ಷರದ ಒಂದು ಸಾಲು: ‘ಚಾಲ್’ ಅಂತ ಬರೆದು, ಮುಂದೆ ಒಂದು ಸಿನಿಮಾ ಹಾಡಿನ ಮೊದಲ ಸಾಲೋ, ಹಳೆಯ ನಾಟಕದ ಪದದ ಸಾಲೋ. ಅಂದರೆ, ಸಾಹಿತ್ಯ ನನ್ನದು, ಮಟ್ಟು ನನ್ನದಲ್ಲ, ಇಂಥಲ್ಲಿಂದ ತಂದಿದ್ದೇನೆ, ನೀವೂ ಅದೇ ಮಟ್ಟಿನಲ್ಲಿ ಹಾಡಿಕೊಳ್ಳಿ. ಒಂದೇ ಸಾಲಿನಲ್ಲಿ ಎಷ್ಟು ಮರ್ಯಾದೆ! ಮಟ್ಟು ತಂದದ್ದಕ್ಕೆ ಅವರಿಗೆ ನಾಚಿಕೆ ಇರಲಿಲ್ಲ, ಹೇಳದೆ ಇದ್ದರೆ ನಾಚಿಕೆ. ಕಡಕೋಳದ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ ಹಿಡಿದು ಹಾಡುವವರು ಒಂದೇ ಧಾಟಿಯಲ್ಲಿ ಹತ್ತು ಪದ ಹಾಡುತ್ತಾರೆ, ಯಾರೂ ತಕರಾರು ಮಾಡಿಲ್ಲ. ಆದರೆ ಕಡೆಯ ನುಡಿಯ ಅಂಕಿತವನ್ನು ನುಂಗಿ ಹಾಡಿದರೆ ಅಲ್ಲೇ ಕೂತ ಮುದುಕರು ಎದ್ದು ನಿಲ್ಲುತ್ತಾರೆ. 12ನೇ ಶತಮಾನದಲ್ಲಿ ಇಲ್ಲೇ ಬೀದರ್ ಜಿಲ್ಲೆಯ ಕಲ್ಯಾಣದಲ್ಲಿ ಕೂತು ವಚನ ಬರೆದವರು ಒಬ್ಬೊಬ್ಬರೂ ಅಂಕಿತ ಇಟ್ಟುಕೊಂಡಿದ್ದರು. ಇಷ್ಟದೈವದ ಹೆಸರೇ ಇರಲಿ, ಆ ಹೆಸರಿನಿಂದ ವಚನ ಯಾರದು ಅಂತ ಇವತ್ತಿಗೂ ಗೊತ್ತಾಗುತ್ತದೆ.

ಕ್ಯಾಸೆಟ್ ಕಾಲದಲ್ಲೂ ಹೊದಿಕೆಯ ಒಳಗೆ ಕೀಬೋರ್ಡ್ ಯಾರು, ತಬಲಾ ಯಾರು ಅಂತ ಇರುತ್ತಿತ್ತು. ರೇಡಿಯೋದಲ್ಲಿ ಹಾಡಿನ ಮುಂಚೆ ಹೆಸರು ಹೇಳುತ್ತಿದ್ದರು. ಯೂಟ್ಯೂಬಿನಲ್ಲಿ ಬೇಕಾದಷ್ಟು ಜಾಗ ಇದೆ, ನಾವು ಅಲ್ಲಿ ‘ಲೈಕ್ ಮಾಡಿ ಶೇರ್ ಮಾಡಿ’ ಅಂತ ಬರೆದು, ನಾಯಕಿಯ ಹೆಸರು ಬರೆದು, ಕ್ಯಾಮೆರಾದವನ ಫೋನ್ ನಂಬರ್ ಬರೆದು, ಟ್ರ್ಯಾಕ್ ಮಾಡಿದವನ ಹೆಸರು ಬಿಟ್ಟಿದ್ದೇವೆ. ಹಲಗಿಯವನ ಮಾತು ಬಿಡಿ. ಹಲಗಿ ಬಾರಿಸುವವರನ್ನು ಊರು ಎಲ್ಲಿ ನಿಲ್ಲಿಸಿತ್ತು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಡಿಸ್ಕ್ರಿಪ್ಷನ್ನಿನಲ್ಲೂ ಅವರನ್ನು ಊರ ಹೊರಗೇ ಇಟ್ಟಿದ್ದೇವೆ.

‘ರೊಕ್ಕ ಕೊಟ್ಟೀವಲ್ರಿ’ ಅನ್ನುವವರಿಗೆ ಕಾನೂನಿನ ಎರಡು ಮಾತು. ವಕೀಲರ ಹತ್ತಿರ ಕೂತು ಕೇಳಿಕೊಂಡು ಬಂದಿದ್ದೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕು ಒಬ್ಬರಿಂದ ಒಬ್ಬರಿಗೆ ಹೋಗಬೇಕಾದರೆ ಬರಹದಲ್ಲಿ ಇರಬೇಕು, ಕೊಡುವವನ ಸಹಿ ಇರಬೇಕು. ಬಾಯಿಮಾತು, ಫೋನ್‌ಪೇ, ವಾಟ್ಸ್ಯಾಪಿನ ಹೆಬ್ಬೆರಳು ಇದ್ಯಾವುದೂ ಮಾರಾಟವಲ್ಲ. ಬರೆದುಕೊಂಡರೂ ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷಕ್ಕೆ ಮಾತ್ರ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಾಡಿನ ಮಟ್ಟು ಬೇರೆ ಹಕ್ಕು, ಅದರ ಮುದ್ರಣ ಬೇರೆ ಹಕ್ಕು. ಹಕ್ಕು ಮಾರಿದ ಮೇಲೂ ‘ಇದನ್ನು ಮಾಡಿದವನು ನಾನು’ ಅಂತ ಹೇಳಿಸಿಕೊಳ್ಳುವ ಹಕ್ಕು 57ನೇ ಕಲಮಿನಲ್ಲಿ ಉಳಿದೇ ಇರುತ್ತದೆ. ನನಗೆ ಬಿಸಿ ಮುಟ್ಟಿದ್ದು ಇದರ ಮುಂದಿನ ಮಾತು ಕೇಳಿದಾಗ. ಬಾರಿಸಿದವನಿಗೂ ಹಕ್ಕಿದೆ, 50 ವರ್ಷದ್ದು. 2012ರ ತಿದ್ದುಪಡಿ ಬಂದ ಮೇಲೆ ತನ್ನ ಹೆಸರು ಹೇಳಿಸಿಕೊಳ್ಳುವ ಹಕ್ಕೂ ಅವನಿಗೆ ಬಂದಿದೆ. ಅಂದರೆ ಆ ಚಾನೆಲ್‌ನವರು ನನಗೆ ಮಾಡಿದ್ದನ್ನು ನಾನು ಅದಕ್ಕೂ ಮೊದಲೇ 500 ರೂಪಾಯಿಯ ನೋಟಿನಲ್ಲಿ ಕಾಕಾಗೆ ಮಾಡಿ ಮುಗಿಸಿದ್ದೆ.

ಕಡಿಮೆ ದುಡ್ಡಿಗೆ ಬೀಟ್ ಕೊಡುವುದು ತಪ್ಪೇನಲ್ಲ. 2019ರಲ್ಲಿ ಅಮೆರಿಕದ ಪಟ್ಟಿಯಲ್ಲಿ 19 ವಾರ ಮೊದಲ ಸ್ಥಾನದಲ್ಲಿ ಕೂತ ‘ಓಲ್ಡ್ ಟೌನ್ ರೋಡ್’ ಹಾಡಿನ ಬೀಟನ್ನು ಹಾಡುಗಾರ ಲಿಲ್ ನ್ಯಾಸ್ ಎಕ್ಸ್ 30 ಡಾಲರಿಗೆ ಇಂಟರ್ನೆಟ್ಟಿನಲ್ಲಿ ಕೊಂಡಿದ್ದ. ಮಾಡಿದವನು ನೆದರ್ಲೆಂಡ್ಸಿನ ಒಬ್ಬ ಹುಡುಗ. ಆ ಬೀಟಿನೊಳಗೆ ನೈನ್ ಇಂಚ್ ನೇಲ್ಸ್ ಅನ್ನುವ ತಂಡದ 2008ರ ಒಂದು ತುಣುಕಿತ್ತು. ಹಾಡು ದೊಡ್ಡದಾದ ಮೇಲೆ ಬೀಟ್ ಮಾಡಿದವನ ಹೆಸರೂ ಬಂತು, ತುಣುಕಿನವರ ಹೆಸರೂ ಬಂತು, ಅವರವರ ಪಾಲೂ ಸಿಕ್ಕಿತು. ಅಲ್ಲಿಯವರೇನು ಹರಿಶ್ಚಂದ್ರರಲ್ಲ. ಬೀಟ್ ಕೊಡುವಾಗ ಒಂದು ಕರಾರು ಇರುತ್ತದೆ, ಅಷ್ಟೇ.

ಈಗ ಚಾನೆಲ್ ಮಾಲಕರಿಗೆ ನೇರವಾಗಿ ಹೇಳುತ್ತೇನೆ. ಕಂಟೆಂಟ್ ಐಡಿ ಅನ್ನುವುದು 2007ರಲ್ಲಿ ಯೂಟ್ಯೂಬ್ ತಂದ ಯಂತ್ರ. ಅದಕ್ಕೆ ನ್ಯಾಯ ಗೊತ್ತಿಲ್ಲ, ಹೊಂದಾಣಿಕೆ ಮಾತ್ರ ಗೊತ್ತು. ಕೊಟ್ಟ ಫೈಲಿನ ದನಿಯ ಗುರುತು ಇಟ್ಟುಕೊಳ್ಳುತ್ತದೆ, ಅಂಥದು ಇನ್ನೆಲ್ಲಿ ಕಂಡರೂ ಕೈ ಎತ್ತುತ್ತದೆ. ಹಲಗಿ ಯಾರದು, ಕೆಮ್ಮು ಯಾರದು ಅದಕ್ಕೇನು ಗೊತ್ತು? ಆದ್ದರಿಂದಲೇ ನಿಮಗೊಬ್ಬರಿಗೇ ಪೂರ್ತಿ ಹಕ್ಕಿರುವ ಮುದ್ರಣವನ್ನಷ್ಟೇ ಅಲ್ಲಿ ಕೊಡಬೇಕು, ಎಲ್ಲರೂ ಬಳಸುವ ಲೂಪುಗಳನ್ನು ಕೊಡಬಾರದು ಅಂತ ಅವರದೇ ನಿಯಮ ಇದೆ. ನೀವು ಪ್ಯಾಕಿನ ಲೂಪ್ ಇರುವ ಟ್ರ್ಯಾಕನ್ನು ಇಡಿಯಾಗಿ ಏರಿಸಿದರೆ ಅದೇ ಪ್ಯಾಕ್ ಬಳಸಿದ ಹತ್ತು ಹುಡುಗರ ಹಾಡಿಗೆ ಕ್ಲೇಮ್ ಬೀಳುತ್ತದೆ. ಅವರು ತಕರಾರು ಹಾಕಿದರೆ ನಿಮಗೆ ಉತ್ತರಕ್ಕೆ 30 ದಿನ ಇರುತ್ತದೆ. ಜಾತ್ರೆಯ ಹಾಡಿನ ಆಯಸ್ಸು ಎಷ್ಟು ದಿನದ್ದು? ಹೆಚ್ಚಿನ ಹುಡುಗರು ತಕರಾರನ್ನೇ ಹಾಕುವುದಿಲ್ಲ, ಸ್ಟ್ರೈಕ್, ಅಂದರೆ ಚಾನೆಲ್ ಮೇಲೆಯೇ ಬೀಳುವ ಎಚ್ಚರಿಕೆಯ ಪೆಟ್ಟು, ಬಿದ್ದೀತು ಅನ್ನುವ ಹೆದರಿಕೆ. 90 ದಿನದಲ್ಲಿ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗುತ್ತದೆ ಅಂತ ಯಾರೋ ಹೇಳಿರುತ್ತಾರೆ, ಅದು ನಿಜ ಕೂಡ. ಕ್ಲೇಮ್ ಬೇರೆ ಸ್ಟ್ರೈಕ್ ಬೇರೆ ಅನ್ನುವುದನ್ನು ಮಾತ್ರ ಯಾರೂ ಹೇಳಿರುವುದಿಲ್ಲ. ನಿಮ್ಮ ಹಳೆಯ ಹಾಡುಗಳನ್ನು ಒಮ್ಮೆ ನೋಡಿ. ಹಾಡುಗಾರನ ದನಿ ನಿಮ್ಮದಾದರೆ ಅದನ್ನು ಇಟ್ಟುಕೊಳ್ಳಿ, ಬರೀ ಬಿಟ್ ಇರುವ ಭಾಗವನ್ನು ಹಕ್ಕಿನಿಂದ ಹೊರಗೆ ತೆಗೆಸಿ. ಹಾಡು ಏರಿಸಿಕೊಟ್ಟ ಡಿಸ್ಟ್ರಿಬ್ಯೂಟರಿಗೆ ಒಂದು ಮೇಲ್ ಹಾಕಿದರೆ ಆಗುವ ಕೆಲಸ.

ಟ್ರ್ಯಾಕ್ ಮಾಡುವ ತಮ್ಮಂದಿರೇ, ಇನ್ನು ಮೇಲೆ ಫೈಲ್ ಕಳಿಸುವ ಮೊದಲು ಅರ್ಧ ಹಾಳೆ ಕನ್ನಡದಲ್ಲಿ ಬರೆದು ಸಹಿ ಮಾಡಿಸಿ. ಒಂದು ಹಾಡಿಗೆ ಮಾತ್ರವೋ, ಕಾಯಮ್ಮೋ; ಒಳಗಿನ ಲೂಪ್ ಯಾವ ಪ್ಯಾಕಿನದು; ಹಲಗಿ, ಸಂಬಾಳ, ಡೊಳ್ಳು ಯಾರು ಬಾರಿಸಿದ್ದು. ಪ್ರೊಜೆಕ್ಟ್ ಫೈಲನ್ನು ಅಳಿಸಬೇಡಿ, ನಾಳೆ ನಿಮ್ಮ ಸಾಕ್ಷಿ ಅದೊಂದೇ. ಬೀಟ್ ಬೇರೆಯವರ ಹಾಡಿನ ಹಾಗೆ ಮಾಡಿದ್ದರೆ, ಹಿಂದಿನವರು ಬರೆದ ಹಾಗೆಯೇ ‘ಚಾಲ್’ ಅಂತ ಒಂದು ಸಾಲು ಬರೆಯಿರಿ. ಹಾಗೆ ಬರೆದರೆ ಕಾನೂನು ನಿಮ್ಮನ್ನು ಬಿಟ್ಟುಬಿಡುತ್ತದೆ ಅಂತಲ್ಲ, ಅನುಮತಿ ಬೇಕಾದ ಕಡೆ ಬೇಕೇ ಬೇಕು. ಆದರೆ ಹೆಸರು ಬರೆಯುವ ಕೈ ಇಡೀ ಟ್ರ್ಯಾಕ್ ಎತ್ತಲು ಸ್ವಲ್ಪ ಹಿಂಜರಿಯುತ್ತದೆ, ಇದು ನನ್ನ ಕೈ ನೋಡಿ ಹೇಳುವ ಮಾತು. ನನ್ನ ಹತ್ತಿರ ಇರುವ ಹಲಗಿ ಮುದ್ರಣ ಯಾರಿಗೆ ಬೇಕೋ ಕೇಳಿ, ಕೊಡುತ್ತೇನೆ. ಒಂದು ಹಾಡಿಗೆ 500 ರೂಪಾಯಿ. ನನಗಲ್ಲ, ಬಾರಿಸಿದವರಿಗೆ. ಮತ್ತೆ ಹೆಸರು, ಊರ ಹೆಸರಿನ ಸಮೇತ.

ಅಮೆರಿಕದಲ್ಲಿ ದಿ ವಿನ್‌ಸ್ಟನ್ಸ್ ಅಂತ ಒಂದು ತಂಡ ಇತ್ತು. 1969ರಲ್ಲಿ ಅವರ ಒಂದು ರೆಕಾರ್ಡಿನ ಹಿಂಬದಿಯಲ್ಲಿ ‘ಅಮೆನ್, ಬ್ರದರ್’ ಅನ್ನುವ ಹಾಡು ಬಂತು. ಅದರ ನಡುವೆ ಎಲ್ಲಾ ವಾದ್ಯ ನಿಂತು ಡ್ರಮ್ ಒಂದೇ ಆರೇಳು ಸೆಕೆಂಡು ಬರುತ್ತದೆ. ಬಾರಿಸಿದವರು ಗ್ರೆಗರಿ ಕೋಲ್‌ಮನ್. ಆ ಆರೇಳು ಸೆಕೆಂಡನ್ನು ಕತ್ತರಿಸಿ ಜಗತ್ತಿನ ಸಾವಿರಾರು ಹಾಡುಗಳಿಗೆ ಹಾಕಿದ್ದಾರೆ, ಅದರ ಮೇಲೆ ಹೊಸ ಹೊಸ ಸಂಗೀತ ಪ್ರಕಾರಗಳೇ ಎದ್ದು ನಿಂತಿವೆ. ಕೋಲ್‌ಮನ್ ಅವರಿಗೆ ಅದರಿಂದ ಒಂದು ಬಿಡಿಗಾಸೂ ಬರಲಿಲ್ಲ. 2006ರಲ್ಲಿ ಮನೆಮಾರು ಇಲ್ಲದೆ ತೀರಿಕೊಂಡರು. 2015ರಲ್ಲಿ ಅಭಿಮಾನಿಗಳು ಚಂದಾ ಎತ್ತಿ ಸುಮಾರು 24,000 ಪೌಂಡ್ ಕೊಟ್ಟರು, ಅದು ಸಿಕ್ಕಿದ್ದು ತಂಡದ ಮುಖ್ಯಸ್ಥ ರಿಚರ್ಡ್ ಸ್ಪೆನ್ಸರ್ ಅವರಿಗೆ. ಬಾರಿಸಿದವರು ಅಷ್ಟೊತ್ತಿಗೆ ಇರಲಿಲ್ಲ.

ಇದನ್ನು ಓದಿದ ಮೇಲೆ ತಡೆಯಲಾಗದೆ ಹೋದ ರವಿವಾರ ಶಹಾಪುರದ ಬಸ್ ಹತ್ತಿದೆ. ಕಾಕಾ ಕಟ್ಟೆಯ ಮೇಲೆ ಕೂತಿದ್ದರು, ಗುರುತು ಹಿಡಿದರು. ಬೀಡಿ ಬಿಟ್ಟಿದ್ದಾರಂತೆ. ಪಕ್ಕದಲ್ಲಿ ಕೂತು ಫೋನಿನಲ್ಲಿ ಆ ಇಪ್ಪತ್ತಾರು ಸೆಕೆಂಡು ಕೇಳಿಸಿದೆ. ಕೆಮ್ಮು ಬಂದಾಗ ಬೊಚ್ಚು ಬಾಯಿ ತೆರೆದು ನಕ್ಕರು. ಹಕ್ಕು, ಹೆಸರು, 500 ರೂಪಾಯಿ ಎಲ್ಲಾ ಹೇಳಿದೆ. ಇನ್ನೊಮ್ಮೆ ಹಚ್ಚು ಅಂದರು. ಕಿವಿಗೆ ಹಿಡಿದುಕೊಂಡು ಕೇಳಿದರು, ಹಲಗಿ ಕಾಸುವಾಗ ಹಿಡಿದಿದ್ದರಲ್ಲ, ಹಾಗೆ.

‘ಕೆಮ್ಮು ನಂದೇ ಅದ ತಮ್ಮಾ. ಕೈ ನಂದಲ್ಲ,’ ಅಂದರು. ‘ನಾ ಆವಾಗ ಉರಿ ಹಂತ್ಯಾಕ ಹಲಗಿ ಕಾಸ್ಲಾಕ ಎದ್ದು ಬಂದಿದ್ದೆ. ಇದು ನಮ್ಮ ತಮ್ಮಂದು. ಕೇಳು, ಎಡಗೈ ಕಡ್ಡಿ ಎರಡು ಸಲ ಬೀಳ್ತದ. ನಾ ಒಂದೇ ಸಲ ಹೊಡೀತೀನಿ.’

ನಲವತ್ತು ನಿಮಿಷ ಅವರಿಬ್ಬರ ಮುಂದೆ ಕೂತಿದ್ದೆ. ಮೂರು ವರ್ಷ ಆ ದನಿಯನ್ನು ಕತ್ತರಿಸಿ ಅಂಟಿಸಿದ್ದೇನೆ. ಕಡ್ಡಿ ಎರಡು ಸಲ ಬೀಳುವುದನ್ನು ಕೇಳಿದ್ದೆ, ಆ ಬಿಟ್ ನನಗೆ ಹಿಡಿಸಿದ್ದೇ ಅದಕ್ಕೆ. ಅಲ್ಲೊಬ್ಬ ಎರಡನೆಯವನಿದ್ದ ಅನ್ನುವುದೇ ನನಗೆ ಮರೆತುಹೋಗಿತ್ತು. ಅವನೀಗ ಹೆಂಡತಿ ಮಕ್ಕಳ ಜೊತೆ ಪುಣೆಗೆ ಗುಳೆ ಹೋಗಿದ್ದಾನಂತೆ, ಕಟ್ಟಡದ ಕೆಲಸಕ್ಕೆ. ಕಾಕಾ ನಂಬರ್ ಕೊಟ್ಟಿದ್ದಾರೆ. ಈ ಪತ್ರ ಬರೆಯುವ ತನಕ ನಾಲ್ಕು ಸಲ ಹಚ್ಚಿದ್ದೇನೆ, ಸ್ವಿಚ್ ಆಫ್ ಬರುತ್ತಿದೆ.

ಇಂತಿ,
ಟ್ರ್ಯಾಕ್ ಮಾಡುವವ ಒಬ್ಬ, ಕಲಬುರಗಿ